ಪೆನ್ಸಿಲಿನ ಗೆರೆಗಳು

ಮಧ್ಯಾಹ್ನ ಊಟದ ಹೊತ್ತಿಗೆ ಸಹೋದ್ಯೋಗಿಯೊಬ್ಬರು ತಮ್ಮ ಹಳೆಯ ಬೈಬಲ್ ತೋರಿಸಿದರು. ಅಂಚಿನ ತುಂಬ ಪೆನ್ಸಿಲಿನ ಟಿಪ್ಪಣಿ, ಪಕ್ಕದಲ್ಲಿ ತಾರೀಖು, ಕೆಲವು ಕಡೆ ಅಳಿಸಿ ಮತ್ತೆ ಬರೆದ ಪ್ರಶ್ನೆ.

ಇಲ್ಲೇ ಅಮೆರಿಕದ ಮೇರಿಲ್ಯಾಂಡಿನಲ್ಲಿ, ಬೈಬಲಿನ ಮಾತೇ ಅಂತಿಮವೆನ್ನುವ ಇವಾಂಜೆಲಿಕಲ್ ಕ್ರೈಸ್ತರ ಮನೆಯಲ್ಲಿ ಬೆಳೆದವರು. ಈಗ ಚರ್ಚಿಗೆ ಹೋಗುವುದಿಲ್ಲ.

"ನಿನಗೆ ನಿಜವಾದ ನಂಬಿಕೆ ಇರಲೇ ಇಲ್ಲ" ಎನ್ನುತ್ತಾರಂತೆ ಅಣ್ಣ. ಇಷ್ಟು ಗೆರೆ ಎಳೆದು ಓದಿದವರಿಗೆ ಹಾಗೆನ್ನಲು ಮನಸ್ಸಾದರೂ ಹೇಗೆ ಬರುತ್ತದೆ? ಅಮ್ಮ ವಾದಕ್ಕಿಳಿಯುವುದಿಲ್ಲ, ಬೆಳಗಾದರೆ ಮೊಬೈಲಿಗೆ ಬೈಬಲಿನ ಒಂದು ವಚನ ಕಳುಹಿಸುತ್ತಾರೆ. ಚರ್ಚು ಬಿಟ್ಟ ಗೆಳೆಯರಿಗೋ, ಇವರು ಇನ್ನೂ ಪ್ರಾರ್ಥಿಸುವುದೇ ಸಿಟ್ಟು.

ಜೋಶುವಾ ಹ್ಯಾರಿಸ್ ಮಾತು ಬಂತು. ಇದೇ ರಾಜ್ಯದ ದೊಡ್ಡ ಚರ್ಚೊಂದರ ಪಾದ್ರಿಯಾಗಿದ್ದವರು. 2019ರಲ್ಲಿ, ತಾನಿನ್ನು ಕ್ರೈಸ್ತನಲ್ಲ ಎಂದು ಇನ್‌ಸ್ಟಾಗ್ರಾಂನಲ್ಲಿ ಬರೆದರು. ಕೆಲವರು ಮರುಗಿದರು, ಕೆಲವರು ತೀರ್ಪು ಕೊಟ್ಟರು. 2021ರಲ್ಲಿ ತಾವು ಬೆಳೆದ ನಂಬಿಕೆಯನ್ನು ಬಿಚ್ಚಿ ಪ್ರಶ್ನಿಸಿ ನೋಡುವುದನ್ನೇ 275 ಡಾಲರಿನ ಕೋರ್ಸ್ ಮಾಡಿದಾಗ ಚರ್ಚು ಬಿಟ್ಟವರೇ ತರಾಟೆಗೆ ತೆಗೆದುಕೊಂಡರು. ಕೋರ್ಸ್ ಹಿಂತೆಗೆದರು. ಆ ಸಿಟ್ಟು ನ್ಯಾಯವಾದದ್ದೇ.

ಆದರೆ ನನ್ನೆದುರು ಕುಳಿತವರು ಯಾರಿಗೂ ಏನನ್ನೂ ಮಾರುತ್ತಿಲ್ಲ. ಎರಡೂ ಕಡೆಯವರು ಅವರನ್ನು ಕೇಳುವುದು ಮಾತ್ರ ಒಂದೇ: ನೀನು ಒಳಗೋ, ಹೊರಗೋ? ಆ ಅಂಚಿನ ಪ್ರಶ್ನೆಗಳನ್ನು ಓದಿ ನೋಡೋಣವೆಂದು ಒಬ್ಬರಿಗೂ ಅನ್ನಿಸಿಲ್ಲವಲ್ಲ ಎಂಬುದೇ ನನ್ನ ಸಂಕಟ.