ಅಜ್ಜಿ ಕೇಳಿದ ಒಂದು ಗುಟುಕು ನೀರು

ಆಪರೇಷನ್‌ನ ಹಿಂದಿನ ದಿನ ಕೇಸ್ ಶೀಟಿನಲ್ಲಿ ‘ರಾತ್ರಿ 10ರಿಂದ ಎನ್‌ಪಿಒ’ ಎಂದು ಬರೆದು ಸಹಿ ಹಾಕುವುದು ನನಗೆ ಹನ್ನೊಂದು ವರ್ಷದ ಅಭ್ಯಾಸವಾಗಿತ್ತು. ಎನ್‌ಪಿಒ ಅಂದರೆ ಬಾಯಿಗೆ ಏನೂ ಕೊಡಬೇಡಿ, ನೀರೂ ಸೇರಿ. ಪಿ.ಜಿ. ಓದುವಾಗ ಪ್ರೊಫೆಸರ್ ಹಾಗೆ ಬರೆಸುತ್ತಿದ್ದರು, ಹೊರಗೆ ಬಂದ ಮೇಲೂ ನಾನು ಹಾಗೇ ಬರೆದೆ. ಏಕೆ ಹತ್ತು ಗಂಟೆ, ಏಕೆ ನೀರೂ ಬೇಡ ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

ನಾನು ಯಾವ ಆಸ್ಪತ್ರೆಯ ಸಂಬಳದವಳೂ ಅಲ್ಲ. ಹಾಸನದ ಕಡೆಯ ಒಂದು ಊರಿನಲ್ಲಿ ನಾಲ್ಕೈದು ನರ್ಸಿಂಗ್ ಹೋಮ್‌ಗಳು ಫೋನ್ ಮಾಡಿದಾಗ ಹೋಗಿ ಅರಿವಳಿಕೆ ಕೊಡುತ್ತೇನೆ. ಲ್ಯಾರಿಂಗೋಸ್ಕೋಪು, ಟ್ಯೂಬು, ಔಷಧಿಯ ಡಬ್ಬ ಎಲ್ಲ ಕಾರಿನ ಡಿಕ್ಕಿಯಲ್ಲೇ ಇರುತ್ತವೆ. ರೋಗಿಗಳಿಗೆ ನಾನು ‘ಮತ್ತು ಕೊಡೋ ಡಾಕ್ಟ್ರಮ್ಮ’. ಹೆಸರು ನೆನಪಿಟ್ಟುಕೊಂಡವರು ಕಡಿಮೆ, ಅದರ ಬಗ್ಗೆ ಬೇಜಾರೇನೂ ಇಲ್ಲ.

ಎರಡು ವರ್ಷದ ಹಿಂದಿನ ಬೇಸಿಗೆ. ಗರ್ಭಕೋಶದ ಆಪರೇಷನ್‌ಗೆ ಬಂದಿದ್ದ ಅಜ್ಜಿ, ಎಪ್ಪತ್ತರ ಹತ್ತಿರ. ಪಟ್ಟಿಯಲ್ಲಿ ಎರಡನೆಯವರು. ಮೊದಲನೇ ಕೇಸು ಎಳೆದೂ ಎಳೆದೂ ಅಜ್ಜಿಯನ್ನು ಓಟಿಗೆ ಕರೆತರುವಾಗ ಮಧ್ಯಾಹ್ನ ಎರಡೂವರೆ. ಹಿಂದಿನ ರಾತ್ರಿ ಎಂಟಕ್ಕೆ ಮುದ್ದೆ ಉಂಡವರು, ಆಮೇಲೆ ನಾಲಿಗೆಗೆ ನೀರು ಸೋಕಿಲ್ಲ. ಹದಿನೆಂಟೂವರೆ ಗಂಟೆ. “ಬಾಯೆಲ್ಲ ಒಣಗೋಯ್ತು ಕಣವ್ವ, ಒಂದ್ ಗುಟುಕು ನೀರು ಕೊಡ್ಸು” ಅಂದರು. “ಇನ್ನೊಂಚೂರು ತಡ್ಕೊಳಿ ಅಜ್ಜಿ” ಅಂದೆ. ಬೆನ್ನಿಗೆ ಚುಚ್ಚುವ ಅರಿವಳಿಕೆ, ಅಂದರೆ ಸ್ಪೈನಲ್, ಕೊಟ್ಟು ಮೂರು ನಿಮಿಷವಾಗಿರಲಿಲ್ಲ, ಬಿ.ಪಿ. 70/40. ಸ್ಪೈನಲ್ ಕೊಟ್ಟಾಗ ಸೊಂಟದ ಕೆಳಗಿನ ರಕ್ತನಾಳಗಳು ಸಡಿಲಾಗಿ ಬಿ.ಪಿ. ಇಳಿಯುವುದು ಇದ್ದದ್ದೇ. ಮೈಯಲ್ಲಿ ನೀರೇ ಇಲ್ಲದವರಿಗೆ ಅದು ಇಳಿಯುವುದಲ್ಲ, ಬೀಳುವುದು. ಡ್ರಿಪ್ಪು ಜೋರಾಗಿ ಬಿಟ್ಟು, ಬಿ.ಪಿ. ಏರಿಸುವ ಮೆಫೆಂಟರಮಿನ್ ಕೊಟ್ಟು, ಕಾಲೆತ್ತಿಸಿ, ಹತ್ತು ನಿಮಿಷದಲ್ಲಿ ಸರಿಹೋಯಿತು. ಅಜ್ಜಿ ಐದನೇ ದಿನ ಮನೆಗೆ ಹೋದರು. ಸರ್ಜನ್ನಿಗೆ ಅದು ನೆನಪೂ ಇರಲಾರದು. ನನಗೆ ಮಾತ್ರ ಆ ‘ತಡ್ಕೊಳಿ’ ಮರೆಯಲಿಲ್ಲ, ಏಕೆಂದರೆ ಶೀಟಿನಲ್ಲಿದ್ದ ಅಕ್ಷರ ನನ್ನದು.

ಉಪವಾಸದ ನಿಯಮಕ್ಕೆ ಕಾರಣ ಇಲ್ಲದಿಲ್ಲ. 1946ರಲ್ಲಿ ನ್ಯೂಯಾರ್ಕಿನ ಕರ್ಟಿಸ್ ಮೆಂಡೆಲ್ಸನ್ ಎಂಬ ಪ್ರಸೂತಿ ವೈದ್ಯರು 44,016 ಗರ್ಭಿಣಿಯರ ದಾಖಲೆ ತೆಗೆದು ನೋಡಿದರು. ಅವರಲ್ಲಿ 66 ಮಂದಿಗೆ ಅರಿವಳಿಕೆಯಲ್ಲಿದ್ದಾಗ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದಿತ್ತು. ಆ ಭಯ ಇವತ್ತಿಗೂ ನಿಜ, ನಾನು ಅದನ್ನು ಕಣ್ಣಾರೆ ಕಂಡಿದ್ದೇನೆ. ಆದರೆ ಭಯ ಮುದ್ದೆಯನ್ನೂ ನೀರನ್ನೂ ಒಂದೇ ತಕ್ಕಡಿಗೆ ಹಾಕಿತು. ಆರೋಗ್ಯವಂತರ ಹೊಟ್ಟೆಯಿಂದ ಕುಡಿದ ನೀರಿನ ಅರ್ಧ ಭಾಗ ಸುಮಾರು 10–20 ನಿಮಿಷದಲ್ಲೇ ಮುಂದಕ್ಕೆ ಹೋಗಿಬಿಡುತ್ತದೆ. ಹಾಲು ಹಾಗಲ್ಲ, ಒಳಗೆ ಒಡೆದು ಗಟ್ಟಿಯಾಗಿ ಊಟದ ಲೆಕ್ಕಕ್ಕೇ ಸೇರುತ್ತದೆ.

ಇದನ್ನೆಲ್ಲ ನಾನು ಮತ್ತೆ ಸರಿಯಾಗಿ ಓದಿದ್ದು ನಮ್ಮ ಸಂಘದ ದೆಸೆಯಿಂದ. ಭಾರತೀಯ ಅರಿವಳಿಕೆ ತಜ್ಞರ ಸಂಘ, ನಮ್ಮ ಬಾಯಲ್ಲಿ ಐಎಸ್‌ಎ, ಹುಟ್ಟಿದ್ದು 1947ರಲ್ಲಿ. ನಗರ ಶಾಖೆ, ಅದರ ಮೇಲೆ ರಾಜ್ಯ ಶಾಖೆ, ಅದರ ಮೇಲೆ ರಾಷ್ಟ್ರಮಟ್ಟ. ನಾನು ಆಜೀವ ಸದಸ್ಯೆ ಆದದ್ದು ಪಿ.ಜಿ. ಕಾಲದ ಗೆಳತಿಯರೆಲ್ಲ ಆದರು ಅಂತ. ವರ್ಷಕ್ಕೊಮ್ಮೆ ಐಸಾಕಾನ್ ಸಮ್ಮೇಳನ, ಹೆಗಲಿಗೊಂದು ಬ್ಯಾಗು, ಹಳೆಯ ಗೆಳತಿಯರ ಜೊತೆ ಒಂದು ಫೋಟೊ. ಸಂಘ ಅಂದರೆ ಅಷ್ಟೇ ಅಂದುಕೊಂಡಿದ್ದೆ. ಅಕ್ಟೋಬರ್ 16ಕ್ಕೆ ವಿಶ್ವ ಅರಿವಳಿಕೆ ದಿನದ ಕೇಕು ಬೇರೆ. 1846ರಲ್ಲಿ ಬೋಸ್ಟನ್ನಿನಲ್ಲಿ ಮಾರ್ಟನ್ ಎಂಬ ದಂತವೈದ್ಯ ಈಥರ್ ಅರಿವಳಿಕೆ ಕೊಟ್ಟು ತೋರಿಸಿದ ದಿನಕ್ಕೆ ನಾವು ಅನಾನಸ್ ಕೇಕು ಕತ್ತರಿಸುತ್ತೇವೆ!

ಅಜ್ಜಿಯ ಕೇಸಾದ ತಿಂಗಳು ಶಾಖೆಯ ಸಭೆಗೆ ಹೋದೆ. ಒಬ್ಬ ಪಿ.ಜಿ. ಹುಡುಗ ಉಪವಾಸದ ಮಾರ್ಗಸೂಚಿಯ ಬಗ್ಗೆ ಮಾತಾಡುತ್ತಿದ್ದ. 2020ರಲ್ಲಿ ನಮ್ಮ ಸಂಘವೇ ಸಿದ್ಧಪಡಿಸಿ, 1953ರಿಂದ ಬರುತ್ತಿರುವ ತನ್ನದೇ ಪತ್ರಿಕೆಯಾದ ಇಂಡಿಯನ್ ಜರ್ನಲ್ ಆಫ್ ಅನಸ್ತೇಷಿಯಾದಲ್ಲಿ ಪ್ರಕಟಿಸಿದ್ದು. ಯಾರು ಬೇಕಾದರೂ ಪುಕ್ಕಟೆ ಓದಬಹುದು, ಮೊಬೈಲಿನಲ್ಲೇ. ಮೂರು ವರ್ಷಕ್ಕೂ ಮೇಲೆ ಅದು ಅಲ್ಲೇ ಇತ್ತು, ನಾನು ತೆರೆದು ನೋಡಿರಲಿಲ್ಲ. ಯೋಜಿತ ಆಪರೇಷನ್ ಆದರೆ, ಹೊಟ್ಟೆ ನಿಧಾನವಾಗಿ ಖಾಲಿಯಾಗುವ ತೊಂದರೆ ಇಲ್ಲದಿದ್ದರೆ, ಹಗುರ ಊಟಕ್ಕೆ 6 ಗಂಟೆ, ನೀರು, ಹಾಲಿಲ್ಲದ ಕಾಫಿಯಂಥ ತಿಳಿ ಪಾನೀಯಕ್ಕೆ 2 ಗಂಟೆ ಸಾಕು. ಪಿ.ಜಿ.ಯಲ್ಲಿ ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದ ಅಂಕಿಗಳೇ ಇವು. ಪರೀಕ್ಷೆಯಲ್ಲಿ ಬರೆದದ್ದನ್ನು ವಾರ್ಡಿನಲ್ಲಿ ಬರೆದಿರಲಿಲ್ಲ, ಅಷ್ಟೆ.

ಸಭೆಯಲ್ಲಿ ಜಗಳವೇ ಆಯಿತು. ಹಿರಿಯರೊಬ್ಬರು, “ನೀರು ಕುಡೀಬಹುದು ಅಂದ್ರೆ ನಮ್ಮ ಜನ ಕಾಫಿ ಕುಡ್ಕೊಂಡು ಬರ್ತಾರೆ. ಸರ್ಜನ್ ಪಟ್ಟಿ ಹಿಂದೆಮುಂದೆ ಮಾಡ್ತಾರೆ. ಕಕ್ಕಿದ್ರೆ ಕೊರಳಿಗೆ ಬರೋದು ಯಾರಿಗೆ?” ಅಂದರು. ಅವರ ಮಾತು ತಳ್ಳಿಹಾಕುವಂಥದ್ದಲ್ಲ. ನಮ್ಮ ಊರುಗಳಲ್ಲಿ ಆಪರೇಷನ್ ಶುರುವಾಗುವ ಹೊತ್ತು ದೇವರಿಗೂ ಗೊತ್ತಿರುವುದಿಲ್ಲ.

ಆದರೂ ಮರುದಿನ ಆ ಪುಟಗಳನ್ನು ಪ್ರಿಂಟ್ ಹಾಕಿಸಿ ನರ್ಸಿಂಗ್ ಹೋಮಿನ ಡಾಕ್ಟರ ಮುಂದಿಟ್ಟೆ. “ಇದೇನ್ ಮೇಡಂ, ಹೊಸ ವರಸೆ?” ಅಂದರು. “ನನ್ನದಲ್ಲ ಸರ್, ನಮ್ಮ ಸಂಘ ಬರೆದದ್ದು” ಅಂದೆ. ನಾನು ಒಬ್ಬಳೇ ಹೇಳಿದ್ದರೆ ಅದು ‘ಮೇಡಂ ಕಿರಿಕ್’ ಆಗುತ್ತಿತ್ತು. ಓಟಿಯಲ್ಲಿ ಅರಿವಳಿಕೆಯವರು ಸಾಮಾನ್ಯವಾಗಿ ಒಬ್ಬರೇ. ಪಕ್ಕದಲ್ಲಿ ನಿಂತು ಹೌದು ಅನ್ನುವ ಇನ್ನೊಬ್ಬರು ಇರುವುದಿಲ್ಲ. ಅವತ್ತು ಆ ಕಾಗದ ಪಕ್ಕದಲ್ಲಿ ನಿಂತಿತು. ಅರ್ಧ ಮನಸ್ಸಿನಿಂದ ಒಪ್ಪಿದರು.

ಇನ್ನೊಂದು ಕಡೆ ಒಪ್ಪಲಿಲ್ಲ. “ನಿಮಗೆ ಕಷ್ಟ ಆದ್ರೆ ಬೇರೆಯವರನ್ನ ಕರೀತೀವಿ” ಅಂದರು. ಶಾಖೆಯ ಕಾರ್ಯದರ್ಶಿಗೆ ಫೋನ್ ಮಾಡಿದೆ. ಅವರು ನಕ್ಕರು: “ನಮ್ಮ ಕೈಲಿ ಏನಿದೆ ಮೇಡಂ, ಪತ್ರ ಬರೀಬಹುದು.” ಇದನ್ನು ಹೊಸಬರು ತಿಳಿದಿರಬೇಕು. ವೈದ್ಯರ ನೋಂದಣಿ ಕರ್ನಾಟಕ ವೈದ್ಯಕೀಯ ಪರಿಷತ್ತಿನದು, ಖಾಸಗಿ ಆಸ್ಪತ್ರೆಗಳ ನೋಂದಣಿ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಯಡಿ ಜಿಲ್ಲಾ ಪ್ರಾಧಿಕಾರದ್ದು. ಸಂಘಕ್ಕೆ ಯಾರ ಬಾಗಿಲಿಗೂ ಬೀಗ ಹಾಕುವ ಅಧಿಕಾರವಿಲ್ಲ. ಕಾರ್ಯದರ್ಶಿ ಪತ್ರದ ಬದಲು ಬೇರೆ ಕೆಲಸ ಮಾಡಿದರು. ನಮ್ಮ ಊರಿಗೆ ಕರೆಗೆ ಹೋಗುವ ಆರು ಜನರನ್ನೂ ಒಂದು ಭಾನುವಾರ ಹೋಟೆಲಿಗೆ ಕರೆದು ಕೂರಿಸಿದರು. ಎರಡು ಗಂಟೆ ವಾದ, ಎರಡು ಸುತ್ತು ಮಸಾಲೆ ದೋಸೆ. ಕೊನೆಗೆ ಎಲ್ಲರೂ ‘ಊಟಕ್ಕೆ 6 ಗಂಟೆ, ನೀರಿಗೆ 2 ಗಂಟೆ’ ಎಂಬ ಒಂದೇ ಚೀಟಿ ಬರೆಯುವುದು ಅಂತಾಯಿತು. ಸಕ್ಕರೆ ಕಾಯಿಲೆ ಹೆಚ್ಚಿರುವವರು, ಹೆರಿಗೆ ನೋವಿನಲ್ಲಿರುವವರು, ತುರ್ತು ಕೇಸುಗಳನ್ನು ಬಿಟ್ಟು. ಆ ಸಂಶಯದ ಹಿರಿಯರದ್ದೇ ಒಂದು ಸೇರ್ಪಡೆ: ಪಟ್ಟಿ ತಡವಾದರೆ ಓಟಿ ಸಿಸ್ಟರ್ ನಮಗೆ ಫೋನ್ ಮಾಡಿ ಕೇಳಿ ನೀರು ಕೊಡಬೇಕು. ಒಳ್ಳೆಯ ಸೇರ್ಪಡೆ, ನನಗೆ ಹೊಳೆದಿರಲಿಲ್ಲ. ಈಗ ‘ಬೇರೆಯವರನ್ನು’ ಕರೆದರೂ ಅವರೂ ಅದೇ ಚೀಟಿ ಬರೆಯುತ್ತಾರೆ.

ಆಮೇಲೆ ಸಭೆ ತಪ್ಪಿಸಿದ್ದು ಕಡಿಮೆ. ಸದಸ್ಯರು ತೀರಿಕೊಂಡರೆ ಮನೆಯವರಿಗೆ ನೆರವಾಗುವ ಕುಟುಂಬ ಕ್ಷೇಮನಿಧಿ ಸಂಘದಲ್ಲಿದೆ ಎಂಬುದೂ ಆಗಲೇ ಸರಿಯಾಗಿ ತಿಳಿದದ್ದು. ನಮ್ಮಂತೆ ಪಿ.ಎಫ್., ಪಿಂಚಣಿ ಇಲ್ಲದೆ ಕರೆಗೆ ಓಡಾಡುವವರು ಮೊದಲು ಕೇಳಬೇಕಾದದ್ದು ಅದನ್ನೇ. ಹೋದ ವರ್ಷ ಬಸ್ ಡಿಪೋದಲ್ಲಿ ಹೃದಯ ನಿಂತವರ ಎದೆ ಒತ್ತುವ ಕೋಲ್ಸ್ ತರಬೇತಿಗೂ ಹೋಗಿದ್ದೆ. ಬಾಯಿಗೆ ಬಾಯಿಟ್ಟು ಉಸಿರು ಕೊಡುವುದಿಲ್ಲದೆ ಜನಸಾಮಾನ್ಯರು ಮಾಡಬಹುದಾದ ಕ್ರಮ ಅದು. ಒಬ್ಬ ಡ್ರೈವರಣ್ಣ ಗೊಂಬೆಯ ಎದೆ ಒತ್ತಿದ ರಭಸಕ್ಕೆ ಗೊಂಬೆಯೇ ಮೇಜಿನಿಂದ ಕೆಳಗೆ ಬಿತ್ತು.

ಮೊನ್ನೆ ಬೆಳಿಗ್ಗೆ ಆರಕ್ಕೆ ವಾರ್ಡಿನಿಂದ ಫೋನ್.

“ಮೇಡಂ, ಎಂಟೂವರೆ ಕೇಸು. ಅಜ್ಜ ಕಾಫಿ ಕೇಳ್ತಾವ್ರೆ.”

“ಹಾಲು ಹಾಕಿದ್ದೀರಾ ಸಿಸ್ಟರ್?”

“ಇಲ್ಲ ಮೇಡಂ, ಬೆಲ್ಲದ್ದು. ಶೋಧಿಸಿದೀನಿ.”

“ಹಾಗಾದ್ರೆ ಅರ್ಧ ಲೋಟ ಕೊಡಿ. ಆರೂಕಾಲರ ಒಳಗೆ ಮುಗಿಸಲಿ.”