ನಾರ್ಮಂಡಿ ಡಯೋರಾಮಾ: ಬೋಟ್ ಮುಗೀತು, ಸಮುದ್ರ ಬಾಕಿ

ಜೂನ್ 6ರೊಳಗೆ ಮುಗಿಸ್ಲೇಬೇಕು ಅಂತ ಹಠಕ್ಕೆ ಬಿದ್ದು ಮಾಡ್ತಿರೋ ಹಿಗಿನ್ಸ್ ಬೋಟ್ (ಹಡಗಿಂದ ದಡಕ್ಕೆ ಸೈನಿಕರನ್ನ ಸಾಗಿಸ್ತಿದ್ದ ಪುಟ್ಟ ದೋಣಿ) ಡಯೋರಾಮಾದ, ಅಂದ್ರೆ ಚಿಕ್ಕ ಮಾಡೆಲ್‌ಗಳಲ್ಲಿ ಕಟ್ಟೋ ದೃಶ್ಯದ, ಅಪ್‌ಡೇಟ್ ಇದು. ಎರಡನೇ ಮಹಾಯುದ್ಧದಲ್ಲಿ, 1944ರಲ್ಲಿ ಅವತ್ತೊಂದೇ ದಿನ ಒಂದೂವರೆ ಲಕ್ಷಕ್ಕಿಂತ ಜಾಸ್ತಿ ಮಿತ್ರಪಕ್ಷದ ಸೈನಿಕರು ಫ್ರಾನ್ಸಿನ ನಾರ್ಮಂಡಿಲಿ ಇಳಿದ್ರು, ಅಷ್ಟರಲ್ಲಿ ನಾನು ಹಿಡ್ಕೊಂಡಿರೋದು ಅಮೆರಿಕನ್ನರು ಇಳಿದ ಒಮಾಹಾ ಬೀಚ್ ಕಡೆ ಹೊರಟ ಒಂದೇ ಒಂದು ಬೋಟು. ಸ್ಕೇಲ್ 1/35, ನಿಜವಾದ ಬೋಟ್ 36 ಅಡಿ, ಹಂಗಾಗಿ ಮಾಡೆಲ್ ಹತ್ತತ್ರ 31 ಸೆಂಟಿಮೀಟರ್ ಬಂದಿದೆ, ಶೋಕೇಸಲ್ಲಿ ಜಾಗ ಎಲ್ಲಿ ಅಂತ ಮನೇಲಿ ಕೇಳೋಕೆ ಶುರು ಮಾಡಿದಾರೆ.

ಬೋಟಿನ ಪೇಂಟ್ ಆಯ್ತು. ನೇವಿ ಗ್ರೇ ಬೇಸ್, ಮೇಲೆ ಆಯಿಲ್ ವಾಶ್ (ನೀರಿನ ಥರ ತೆಳು ಮಾಡಿದ ಆಯಿಲ್ ಪೇಂಟ್). ಇಂಟರ್ನೆಟ್ಟಲ್ಲಿ ನೋಡಿದ್ರೆ ಎಲ್ರೂ ಬೋಟಿನ ಮೈ ತುಂಬಾ ತುಕ್ಕು ಬಳಿದಿರ್ತಾರೆ, ಸ್ವಾಮಿ ಅದು ಪ್ಲೈವುಡ್ಡು, ತುಕ್ಕು ಎಲ್ಲಿಂದ ಬರ್ಬೇಕು! ಮುಂದಿನ ರ‍್ಯಾಂಪ್ ಸ್ಟೀಲು, ಅದ್ರ ಅಂಚಿಗೆ ಸ್ಪಂಜಲ್ಲಿ ಸ್ವಲ್ಪ ಒತ್ತಿದೀನಿ, ಉಳಿದ ಕಡೆ ಬರೀ ಒದ್ದೆ ಕಲೆ, ಉಪ್ಪಿನ ಗೆರೆ. ಬೋಟಿನ ಮೇಲೆ ಬರೆದ ನಂಬರ್ ಪಿಎ 26, ಅಂದ್ರೆ ಸೈನಿಕರನ್ನ ಹೊತ್ತು ತಂದ ಸ್ಯಾಮ್ಯುಯೆಲ್ ಚೇಸ್ ಹಡಗಿನ ಬೋಟು. ರ‍್ಯಾಂಪ್ ಬಿದ್ದು ಸೈನಿಕರು ಎದೆಮಟ್ಟ ನೀರಲ್ಲಿ ನಡ್ಕೊಂಡು ಹೋಗೋ ಫೇಮಸ್ ಫೋಟೋ ಇದ್ಯಲ್ಲ, ರಾಬರ್ಟ್ ಸಾರ್ಜೆಂಟ್ ತೆಗ್ದಿದ್ದು, ಅದೂ ಇದೇ ಹಡಗಿನ ಬೋಟಿಂದ.

ಆದ್ರೆ ನನ್ನದ್ರಲ್ಲಿ ರ‍್ಯಾಂಪ್ ಮುಚ್ಚೇ ಇರುತ್ತೆ. ರಕ್ತ ಸುರ್ದು, ಹೆಣ ಬೀಳ್ಸಿ ಮಾಡೋ ಡಯೋರಾಮಾ ನಂಗೆ ಮೊದ್ಲಿಂದ್ಲೂ ಆಗಲ್ಲ, ಸತ್ತೋರಿಗೆ ಗೌರವ ಕೊಡ್ತೀನಿ ಅಂತ ಅವ್ರು ಸಾಯೋದನ್ನೇ ಶೋಪೀಸ್ ಮಾಡೋದು ಯಾವ ನ್ಯಾಯ. ಒಮಾಹಾಕ್ಕೆ ಹೊರಟ ಹಡಗುಗಳು ದಡದಿಂದ ಸುಮಾರು 18 ಕಿಲೋಮೀಟರ್ ದೂರದಲ್ಲೇ ನಿಂತ್ಬಿಟ್ಟಿದ್ವು, ಅಲ್ಲಿಂದ ಈ ಚಪ್ಪಟೆ ತಳದ ಬೋಟಲ್ಲಿ ಒಬ್ರಿಗೊಬ್ರು ಅಂಟ್ಕೊಂಡು ಸುಮಾರು 30 ಜನ, ಗಂಟೆಗಟ್ಲೆ, ಕತ್ತಲಲ್ಲಿ, ನೆನ್ಕೊಂಡು, ವಾಂತಿ ಮಾಡ್ಕೊಂಡು. ನಂಗೆ ಬೇಕಿರೋದು ಆ ಹೊತ್ತು.

ತೊಂದ್ರೆ ಏನಪ್ಪಾ ಅಂದ್ರೆ ಕಿಟ್ ಜೊತೆ ಬರೋ ಫಿಗರ್ಸ್ ಎಲ್ಲಾ ಗನ್ ಹಿಡ್ಕೊಂಡು ಓಡೋ ಹೀರೋಗಳು. ಸೊಂಟದಲ್ಲಿ ಗರಗಸ ಹಾಕಿ ಕತ್ತರ್ಸಿ, ಬಗ್ಗಿಸಿ, ಸಂದಿಗೆ ಎಪಾಕ್ಸಿ ಪುಟ್ಟಿ ತುಂಬಿ, ಬಟ್ಟೆ ಮಡಿಕೆ ಸೂಜಿಲಿ ಗೀರ್ತಾ ಕೂತಿದೀನಿ. ಒಬ್ಬ ಪಕ್ಕದ ಗೋಡೆ ಹಿಡ್ಕೊಂಡು ಬಗ್ಗಿದಾನೆ, ಒಬ್ಬ ಮುಂದಿನೋನ ಬೆನ್ನಿಗೆ ಹೆಲ್ಮೆಟ್ ಆನಿಸಿದಾನೆ. ಅಮ್ಮ ನೋಡಿ "ಏನೋ ಇದು, ಆಗುಂಬೆ ಘಾಟಿ ಬಸ್ಸಲ್ಲಿ ಕೂತೋರ ಥರ ಇದಾರಲ್ಲೋ" ಅಂದ್ರು. ನಂಗದು ಫುಲ್ ಮಾರ್ಕ್ಸ್ ಸಿಕ್ಕಂಗಾಯ್ತು.

ರೈಫಲ್‌ಗೆ ನೀರು ತಾಗ್ಬಾರ್ದು ಅಂತ ಸೈನಿಕರು ಪಾರದರ್ಶಕ ಪ್ಲಾಸ್ಟಿಕ್ ಚೀಲ ಹಾಕ್ತಿದ್ರು. ಅದಕ್ಕೆ ಅಡುಗೆಮನೆ ಕ್ಲಿಂಗ್ ಫಿಲ್ಮನ್ನ ಚಿಕ್ಕದಾಗಿ ಕತ್ತರ್ಸಿ ಸುತ್ತಿ, ತುದಿಗೆ ಒಂದೆಳೆ ದಾರ ಕಟ್ಟಿ, ಮೇಲೆ ಹೊಳಪಿನ ವಾರ್ನಿಶ್. ಹತ್ರದಿಂದ ನೋಡಿದ್ರೆ ಒಳಗಿನ ಮರದ ಕಂದು ಬಣ್ಣ ಮಸುಕಾಗಿ ಕಾಣುತ್ತೆ, ಸೂಪರ್.

ಈಗ ಸಮುದ್ರ. ಹವಾಮಾನ ಕೆಟ್ಟಿದೆ ಅಂತ ಜೂನ್ 5ರ ದಾಳಿನ ಒಂದು ದಿನ ಮುಂದಕ್ಕೆ ಹಾಕಿದ್ರು, 6ನೇ ತಾರೀಕೂ ಸಮುದ್ರ ಪೂರ್ತಿ ಶಾಂತ ಆಗಿರ್ಲಿಲ್ಲ. ನಾಲ್ಕಡಿ ಅಲೆ ಅಂದ್ರೆ ಈ ಸ್ಕೇಲಲ್ಲಿ ಮೂರೂವರೆ ಸೆಂಟಿಮೀಟರ್. ಥರ್ಮೋಕೋಲ್ ಕೆತ್ತಿದಾಗಿದೆ, ಮೇಲೆ ಟಿಶ್ಯೂ ಪೇಪರ್ ಫೆವಿಕಾಲಲ್ಲಿ ಅಂಟಿಸಿ ಬೂದು-ಹಸಿರು ಬಣ್ಣ ಹೊಡೀಬೇಕು, ಆಮೇಲೆ ಒದ್ದೆ ಹೊಳಪಿಗೆ ಗ್ಲಾಸಿ ಜೆಲ್. ಬೆಂಗಳೂರಲ್ಲಿ ದಿನಾ ಸಂಜೆ ಮಳೆ, ಜೆಲ್ ಒಣಗೋದೇ ಇಲ್ಲ, ಟೇಬಲ್ ಫ್ಯಾನ್ ಇಟ್ಟಿದೀನಿ.

ನೇಮ್‌ಪ್ಲೇಟ್ ಬಗ್ಗೆ ಒಂದು ಐಡಿಯಾ. ಒಮಾಹಾ ಬೀಚ್ ಪಕ್ಕದ ಕೊಲ್‌ವಿಲ್ ಊರಲ್ಲಿರೋ ಅಮೆರಿಕನ್ ಸ್ಮಶಾನದಲ್ಲಿ 9,000ಕ್ಕೂ ಹೆಚ್ಚು ಸಮಾಧಿ ಇವೆ, ಬಿಳಿ ಅಮೃತಶಿಲೆ, ಕೆತ್ತಿದ ಹೆಸ್ರು ಫೋಟೋಲಿ ಕಾಣಲ್ಲ. ಸತ್ತೋರ ಮನೆಯೋರು ಬಂದಾಗ ಅಲ್ಲಿನ ಸಿಬ್ಬಂದಿ ಒಮಾಹಾದ ಒದ್ದೆ ಮರಳನ್ನ ಅಕ್ಷರಕ್ಕೆ ಉಜ್ಜಿ ಹೆಸ್ರು ಎದ್ದು ಕಾಣೋ ಹಂಗೆ ಮಾಡ್ತಾರೆ. ನಾನೂ ತಾರೀಕನ್ನ ಬಿಳಿ ಪ್ಲಾಸ್ಟಿಕ್ ಶೀಟಲ್ಲಿ ಕೆತ್ತಿ ಮರಳು ಬಣ್ಣದ ವಾಶ್ ತುಂಬಿ ಒರೆಸ್ತೀನಿ. ಅಕ್ಷರ ಕೆತ್ತೋಕೆ 0.3 ಎಂಎಂ ಬಿಟ್ ಎಸ್‌ಪಿ ರೋಡಲ್ಲಿ ಎಲ್ಲಿ ಸಿಗುತ್ತೆ, ಗೊತ್ತಿದ್ರೆ ಯಾರಾದ್ರೂ ಹೇಳಿ.