ಕೆಟ್ಟ ಮಾಲು ವಾಪಸ್ ತಗೊಳ್ಳೋದು ಅಂಗಡಿ ಮಾಡುವ ಉಪಕಾರ ಅಲ್ಲ

ದಾವಣಗೆರೆಯಲ್ಲಿ ಮನೆ ಸಾಮಾನು ಮಾರುವ ಒಂದು ಅಂಗಡಿಯಲ್ಲಿ ನನ್ನ ಕೆಲಸ. ಫ್ರಿಡ್ಜು, ವಾಷಿಂಗ್ ಮಷಿನ್, ಟೀವಿ, ಮಿಕ್ಸಿ, ಗ್ರೈಂಡರ್ ಎಲ್ಲ ಮಾರುತ್ತೇವೆ. ಮುಂದಿನ ಕೌಂಟರಿನಲ್ಲಿ ಮಾರಾಟ, ಹಿಂದಿನ ಕೌಂಟರಿನಲ್ಲಿ ದೂರು. ನಾನು ಕೂರುವುದು ಹಿಂದೆ. ದುಡ್ಡು ಕೊಟ್ಟು ತಗೊಂಡ ವಸ್ತು ಕೆಟ್ಟು ಬಂದಾಗ ಜನ ಎಷ್ಟು ಹಿಂಜರಿಯುತ್ತಾ ಮಾತಾಡುತ್ತಾರೆ ಅನ್ನುವುದನ್ನು ದಿನಾ ನೋಡುತ್ತೇನೆ. ತಪ್ಪು ಅವರದ್ದೇ ಅನ್ನುವ ಹಾಗೆ ನಿಲ್ಲುತ್ತಾರೆ. ಅದು ನನಗೆ ಸರಿ ಕಾಣುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ದೂರು ತಂದವರಿಗೆ ಅಂಗಡಿಗಳು ಹೇಳುವ ಮಾತು ಎಲ್ಲ ಕಡೆ ಹೆಚ್ಚುಕಮ್ಮಿ ಒಂದೇ. 'ನಾವು ಬರೀ ಮಾರೋರು, ಕಂಪನಿಗೆ ಫೋನ್ ಮಾಡಿ.' 'ಬಾಕ್ಸ್ ಓಪನ್ ಆಗಿದೆಯಲ್ಲ.' 'ಇದು ಆಫರ್ ಮಾಲು.' 'ಜಿಎಸ್‌ಟಿ ಕಟ್ಟಿ ಆಗಿದೆ, ಇನ್ನು ಬಿಲ್ ಕ್ಯಾನ್ಸಲ್ ಮಾಡಕ್ಕಾಗಲ್ಲ.' ಇದ್ಯಾವುದೂ ನಡೆಯದಿದ್ದರೆ ಬಿಲ್ಲಿನ ಕೆಳಗಿನ ಸಾಲು ತೋರಿಸುತ್ತಾರೆ: 'ಒಮ್ಮೆ ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ.' ಅಚ್ಚಾದ ಸಾಲು ಕಂಡ ತಕ್ಷಣ ಹೆಚ್ಚಿನವರು ಸುಮ್ಮನಾಗುತ್ತಾರೆ. ಅಚ್ಚಾಗಿದೆ ಅಂದಮೇಲೆ ಕಾನೂನೇ ಇರಬೇಕು ಅಂದುಕೊಂಡು ಮನೆಗೆ ಹೋಗುತ್ತಾರೆ.

ಕಾನೂನು ಹೇಳುವುದೇ ಬೇರೆ. 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆ 2020ರ ಜುಲೈ 20ರಿಂದ ಜಾರಿಯಲ್ಲಿದೆ. ಅದರ 2ನೇ ಸೆಕ್ಷನ್ನಿನ 47ನೇ ಉಪವಿಭಾಗದಲ್ಲಿ ಮೋಸದ ವ್ಯಾಪಾರ ಅಂದರೆ ಯಾವುದು ಅಂತ ಬರೆದಿದ್ದಾರೆ. ದೋಷವಿರುವ ಮಾಲನ್ನು ಮಾರಿ, ಆಮೇಲೆ ವಾಪಸ್ ತಗೊಳ್ಳಲ್ಲ, ದುಡ್ಡು ಕೊಡಲ್ಲ ಅನ್ನುವುದೂ ಅದರಲ್ಲಿ ಒಂದು. ಬಿಲ್ಲಿನಲ್ಲಿ ಇಷ್ಟು ದಿನದೊಳಗೆ ಅಂತ ಬರೆದಿದ್ದರೆ ಆ ಅವಧಿ. ಏನೂ ಬರೆದಿಲ್ಲ ಅಂದರೆ 30 ದಿನ. 'ವಾಪಸ್ ಇಲ್ಲ' ಅಂತ ಅಚ್ಚು ಹಾಕಿಸಿಬಿಟ್ಟರೆ ಈ ಹೊಣೆ ತಪ್ಪುವುದಿಲ್ಲ. ಹಾಗೇ, ಬಿಲ್ ಕೊಡದೇ ಇರುವುದನ್ನೂ ಅದೇ ಪಟ್ಟಿಯಲ್ಲಿ ಸೇರಿಸಿದ್ದಾರೆ.

ಜಿಎಸ್‌ಟಿ ಮಾತಂತೂ ನನಗೆ ಬೇಜಾರು ತರಿಸುತ್ತದೆ, ಯಾಕೆಂದರೆ ಅದನ್ನು ಕೇಳಿದ ಗ್ರಾಹಕರಿಗೆ ಮರುಮಾತಾಡಲು ಗೊತ್ತಾಗುವುದಿಲ್ಲ. ಮಾಲು ವಾಪಸ್ ಬಂದರೆ ಅಂಗಡಿಯವರು ಕ್ರೆಡಿಟ್ ನೋಟ್ ಹಾಕಬಹುದು, ಅಂದರೆ ಹಳೇ ಬಿಲ್ಲಿನ ಮೊತ್ತವನ್ನು ಲೆಕ್ಕದಿಂದ ಕಳೆಯುವ ಚೀಟಿ. ಆ ಹಣಕಾಸು ವರ್ಷ ಮುಗಿದ ಮೇಲೂ ಮುಂದಿನ ನವೆಂಬರ್ 30ರವರೆಗೆ ಅದನ್ನು ರಿಟರ್ನಿನಲ್ಲಿ ತೋರಿಸಿ ಕಟ್ಟಿದ ತೆರಿಗೆ ಹೊಂದಿಸಿಕೊಳ್ಳಲು ಅವಕಾಶ ಇದೆ. ನಮ್ಮ ಅಕೌಂಟೆಂಟ್ ಇದನ್ನು ತಿಂಗಳು ತಿಂಗಳೂ ಮಾಡುತ್ತಾರೆ. ಯಾವ ಅಂಗಡಿಯ ಲೆಕ್ಕದವರಿಗೂ ಇದು ಹೊಸದಲ್ಲ.

ಒಂದು ವಿಷಯ ಮಾತ್ರ ಸ್ಪಷ್ಟವಾಗಿ ಹೇಳಬೇಕು. ದೋಷ ಬೇರೆ, ಮನಸ್ಸು ಬದಲಾಗುವುದು ಬೇರೆ. ಮನೆಗೆ ಹೋದ ಮೇಲೆ ಬಣ್ಣ ಹಿಡಿಸಲಿಲ್ಲ, ಪಕ್ಕದ ಅಂಗಡಿಯಲ್ಲಿ ಐನೂರು ಕಮ್ಮಿ ಇತ್ತು, ಮಗಳು ಬೇರೆ ಮಾಡೆಲ್ ಕೇಳಿದಳು ಅನ್ನುವುದಕ್ಕೆಲ್ಲ ಕಾನೂನಿನ ಬಲ ಇಲ್ಲ. ಅಂಥ ಮಾಲು ವಾಪಸ್ ತಗೊಂಡರೆ ಅದು ಅಂಗಡಿಯ ಒಳ್ಳೆಯತನ. ಬೀಳಿಸಿ ಒಡೆದದ್ದು, ನೀರು ಹೋದದ್ದು ಕೂಡ ಹಾಗೇ. ಕಾಯ್ದೆ 'ದೋಷ' ಅನ್ನುವುದು ಗುಣಮಟ್ಟದಲ್ಲಿ, ಪ್ರಮಾಣದಲ್ಲಿ, ಶುದ್ಧತೆಯಲ್ಲಿ ಇರಬೇಕಾದ ಮಟ್ಟಕ್ಕಿಂತ ಕಡಿಮೆ ಇರುವುದನ್ನು. ಫ್ರಿಡ್ಜು ತಣ್ಣಗಾಗದಿದ್ದರೆ ಅದು ದೋಷ. ಅದಕ್ಕೆ ಎರಡನೇ ಮಾತಿಲ್ಲ.

ಫ್ರಿಡ್ಜಿನ ಮಾತು ಬಂದಾಗ ನನಗೆ ನೆನಪಾಗುವುದು ಒಬ್ಬ ರಿಟೈರ್ಡ್ ಬಸ್ ಕಂಡಕ್ಟರ್. ನನ್ನ ಕೆಲಸವನ್ನು ನಾನು ನೋಡುವ ರೀತಿಯೇ ಅವರಿಂದ ಬದಲಾಯಿತು. ಮಗಳ ಸೀಮಂತಕ್ಕೆ ಮುಂಚೆ ಹೊಸ ಫ್ರಿಡ್ಜ್ ತಗೊಂಡಿದ್ದರು. ಮೊದಲ ದಿನದಿಂದಲೇ ಮೇಲಿನ ಫ್ರೀಜರ್ ಗಟ್ಟಿಯಾಗುತ್ತಿತ್ತು, ಕೆಳಗೆ ಹಾಲು ಒಡೆಯುತ್ತಿತ್ತು. ಫೋನ್ ಮಾಡಿದರು. ಕಂಪನಿಗೆ ಹೇಳಿ ಅಂತ ನಮ್ಮ ಅಂಗಡಿಯಿಂದ ಉತ್ತರ ಹೋಯಿತು. ಕಂಪನಿಯ ಟೆಕ್ನಿಷಿಯನ್ ಬಂದ, ಥರ್ಮೋಸ್ಟಾಟ್ ತಿರುಗಿಸಿ ಹೋದ. ಮತ್ತೆ ಬಂದ, ಗ್ಯಾಸ್ ಕಮ್ಮಿ ಅಂದ. ಆಮೇಲೆ ಇನ್ನೊಬ್ಬ ಬಂದ, ನಿಮ್ಮ ಮನೆ ವೋಲ್ಟೇಜ್ ಸರಿ ಇಲ್ಲ ಅಂದ.

ಇಷ್ಟಾದ ಮೇಲೆ ಅವರು ಅಂಗಡಿಗೆ ಬಂದರು. ನಾನು ಜಗಳಕ್ಕೆ ತಯಾರಾಗಿ ಕೂತಿದ್ದೆ. ಅವರು ಕುರ್ಚಿ ಎಳೆದುಕೊಂಡು ಕೂತು, ಒಂದು ಫೈಲ್ ಬಿಚ್ಚಿದರು. ಬಿಲ್ಲು, ವಾರಂಟಿ ಕಾರ್ಡು, ಟೆಕ್ನಿಷಿಯನ್ ಬಂದಾಗೆಲ್ಲ ಕೊಟ್ಟ ಜಾಬ್ ಶೀಟು, ಒಂದರ ಹಿಂದೆ ಒಂದು. 'ತಮ್ಮಾ, ನಾನು ಟಿಕೆಟ್ ಹರಿದು ಕೊಟ್ಟು ಬದುಕಿದವನು. ಲೆಕ್ಕ ಇಲ್ಲದೆ ಮಾತಾಡಲ್ಲ,' ಅಂದರು. ವೋಲ್ಟೇಜ್ ಸರಿ ಇಲ್ಲ ಅಂದವನ ಹತ್ತಿರ ಅಳೆದು ಬರೆದುಕೊಡು ಅಂತ ಕೇಳಿದ್ದರಂತೆ. ಅವನು ಬರೆದುಕೊಡಲಿಲ್ಲ. ಹಳೇ ಫ್ರಿಡ್ಜು ಅದೇ ಪ್ಲಗ್ಗಿನಲ್ಲಿ ವರ್ಷಗಟ್ಟಲೆ ನಡೆದಿತ್ತು.

ಫೈಲಿನ ಮೇಲೆ ಒಂದು ಪುಟದ ಅರ್ಜಿ ಇತ್ತು. ಕನ್ನಡದಲ್ಲಿ, ಕೈಬರಹದಲ್ಲಿ. ಯಾವ ತಾರೀಕು ತಗೊಂಡದ್ದು, ಬಿಲ್ ನಂಬರ್ ಏನು, ಎಷ್ಟು ದುಡ್ಡು, ಏನು ದೋಷ, ಯಾರ್ಯಾರು ಬಂದು ಏನು ಮಾಡಿದರು, ಇಷ್ಟೇ. ಕೊನೆಯಲ್ಲಿ: ಹದಿನೈದು ದಿನದೊಳಗೆ ಫ್ರಿಡ್ಜ್ ವಾಪಸ್ ತಗೊಂಡು ಹಣ ಕೊಡಿ, ಇಲ್ಲದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಬೈಗುಳ ಇಲ್ಲ, ದೊಡ್ಡ ಮಾತಿಲ್ಲ. ಎರಡು ಪ್ರತಿ ತಂದಿದ್ದರು. ಒಂದನ್ನು ಇಟ್ಟುಕೊಂಡು, ಇನ್ನೊಂದಕ್ಕೆ ಸೀಲ್ ಹಾಕಿ ಸಹಿ ಮಾಡಿಕೊಡಿ ಅಂದರು.

ಸಾವ್ಕಾರ್ರು ಸಹಿ ಬೇಡ ಅಂತ ಕಣ್ಣಲ್ಲೇ ಹೇಳಿದರು. ಸಹಿ ಹಾಕಿದರೆ ಸಿಕ್ಕಿಹಾಕಿಕೊಳ್ಳುತ್ತೇವೆ ಅನ್ನುವುದು ಎಲ್ಲ ಅಂಗಡಿಯವರ ಭಯ. ಕಂಡಕ್ಟರ್ ಒತ್ತಾಯ ಮಾಡಲಿಲ್ಲ. ಎದ್ದು ಹೋದರು. ಅದೇ ಪತ್ರ ಸ್ಪೀಡ್ ಪೋಸ್ಟಿನಲ್ಲಿ ಅಂಗಡಿಗೂ ಬಂತು, ಕಂಪನಿಗೂ ಹೋಯಿತು. ಜೊತೆಗೆ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿದ್ದರು. ಅದು ಕೇಂದ್ರ ಸರ್ಕಾರದ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕನ್ನಡದಲ್ಲೂ ಮಾತಾಡುತ್ತಾರೆ. ಬಹಳಷ್ಟು ದೊಡ್ಡ ಕಂಪನಿಗಳು ಆ ಸಹಾಯವಾಣಿಯ ಜೊತೆ ಸೇರಿಕೊಂಡಿವೆ. ಅಂಥ ಕಂಪನಿಯ ಮೇಲೆ ದೂರು ಬಂದರೆ ಅದು ಸೀದಾ ಅವರ ದೂರು ವಿಭಾಗಕ್ಕೇ ಹೋಗುತ್ತದೆ. ಸಹಾಯವಾಣಿಗೆ ತೀರ್ಪು ಕೊಡುವ ಅಧಿಕಾರ ಇಲ್ಲ. ಆದರೆ ಅಂಗಡಿಯ ಕೌಂಟರಿನಲ್ಲಿ ಸಿಕ್ಕಿಬಿದ್ದಿದ್ದ ದೂರು ಅಲ್ಲಿಂದ ಮೇಲೆ ಹೋಗುತ್ತದೆ.

ಆಮೇಲೆ ಕಂಪನಿಯ ಏರಿಯಾ ಮ್ಯಾನೇಜರೇ ಸಾವ್ಕಾರ್ರಿಗೆ ಫೋನ್ ಮಾಡಿದರು. ಮಾಲು ಎತ್ತಿಕೊಳ್ಳಿ, ಕ್ರೆಡಿಟ್ ನೋಟ್ ಕೊಡುತ್ತೇವೆ ಅಂದರು. ನಮ್ಮ ಗಾಡಿ ಹೋಗಿ ಫ್ರಿಡ್ಜ್ ತಂದಿತು. ಕಂಡಕ್ಟರಿಗೆ ಪೂರ್ತಿ ದುಡ್ಡು ವಾಪಸ್ ಹೋಯಿತು. ಅಂಗಡಿಗೆ ಹೋದದ್ದು ಗಾಡಿ ಬಾಡಿಗೆ ಮಾತ್ರ.

ಇಲ್ಲಿ ಅಂಗಡಿಯ ಕಷ್ಟವನ್ನೂ ಹೇಳಬೇಕು, ನಾನು ಅದರ ಅನ್ನ ತಿನ್ನುವವನು. ವಾಪಸ್ ತಗೊಂಡ ಮಾಲಿನ ದುಡ್ಡು ಕಂಪನಿಯಿಂದಲೋ ಡಿಸ್ಟ್ರಿಬ್ಯೂಟರ್ ಕಡೆಯಿಂದಲೋ ಬರಲು ಸಮಯ ಹಿಡಿಯುತ್ತದೆ. ಹಬ್ಬದ ಸೀಸನ್ನಿನಲ್ಲಿ ಅಂಥ ನಾಲ್ಕು ಪೀಸು ಗೋಡೌನಿನಲ್ಲಿ ಕೂತರೆ ಸಣ್ಣ ಅಂಗಡಿಯ ಬಂಡವಾಳವೇ ಅಲ್ಲಿ ಕೂತ ಹಾಗೆ. ಲಾಭವೂ ತೆಳುವು. ಅಂಗಡಿಗಳು ಹಟ ಹಿಡಿಯುವುದು ಇದೇ ಕಾರಣಕ್ಕೆ, ಗ್ರಾಹಕರ ಮೇಲಿನ ಸಿಟ್ಟಿಗಲ್ಲ. ಆದರೆ ಅದು ಅಂಗಡಿ ಮತ್ತು ಕಂಪನಿ ನಡುವಿನ ಲೆಕ್ಕ. ಹಾಲು ಒಡೆಯುವ ಫ್ರಿಡ್ಜನ್ನು ಮನೆಯಲ್ಲಿಟ್ಟುಕೊಂಡು ಗ್ರಾಹಕ ಅದಕ್ಕಾಗಿ ಯಾಕೆ ಕಾಯಬೇಕು? ದುಡ್ಡು ತಗೊಂಡದ್ದು ನಾವು, ಬಿಲ್ ಕೊಟ್ಟದ್ದು ನಾವು. ಮೊದಲು ಉತ್ತರ ಕೊಡಬೇಕಾದದ್ದೂ ನಾವೇ.

ಆ ಘಟನೆಯ ಮೇಲೆ ನಾನು ಸಾವ್ಕಾರ್ರ ಹತ್ತಿರ ಕೂತು ಮಾತಾಡಿದೆ. ಈಗ ನಮ್ಮ ಕೌಂಟರಿನಲ್ಲಿ ಒಂದು ರಿಜಿಸ್ಟರ್ ಇದೆ. ಯಾರು ಬಂದರೂ ತಾರೀಕು, ದೋಷ, ಬಿಲ್ ನಂಬರ್ ಬರೆದು ಅವರಿಗೆ ಚೀಟಿ ಕೊಡುತ್ತೇವೆ. ಹೊಸದಾಗಿ ಕೆಲಸಕ್ಕೆ ಸೇರುವ ಹುಡುಗರಿಗೆ ನಾನು ಮೊದಲು ಕಲಿಸುವುದು ಇದನ್ನೇ. ನಾಳೆ ಬರ್ತಾರೆ, ನಾಡಿದ್ದು ಬರ್ತಾರೆ ಅಂತ ಬಾಯಲ್ಲಿ ಹೇಳಿ ಕಳಿಸಬೇಡಿ ಅಂತ. ಹಾಗೆ ಹೇಳಿದ ಪ್ರತಿ ಸಲ ಗ್ರಾಹಕರ ದಿನಗಳು ಸುಮ್ನೆ ಕಳೆದುಹೋಗುತ್ತವೆ. ಬಂದಾಗಲೇ ಕೆಟ್ಟಿದ್ದ ಮಾಲು ಬದಲಾಯಿಸಲು ಎಷ್ಟೋ ಕಂಪನಿಗಳು ಕೊಡುವುದು ಕೆಲವೇ ದಿನ. ಅದು ಮುಗಿದ ಮೇಲೆ ಬರೀ ರಿಪೇರಿ ಮಾತು.

ಕೊಳ್ಳುವವರಿಗೂ ನನ್ನ ಕಡೆಯಿಂದ ಒಂದೆರಡು ಮಾತು. 'ಬಿಲ್ ಬೇಡ, ರೇಟ್ ಕಮ್ಮಿ ಮಾಡಿ' ಅನ್ನಬೇಡಿ. ಎಸ್ಟಿಮೇಟ್ ಅಂತ ಬರೆದ ಚೀಟಿ ಬಿಲ್ ಅಲ್ಲ. ಡೆಲಿವರಿ ಹುಡುಗರ ಮುಂದೆಯೇ ಬಾಕ್ಸ್ ಬಿಚ್ಚಿಸಿ, ಮೊಬೈಲಿನಲ್ಲಿ ವಿಡಿಯೋ ಮಾಡಿಕೊಳ್ಳಿ. ತಗ್ಗು ಬಿದ್ದದ್ದು ಯಾರ ಕೈಯಲ್ಲಿ ಅನ್ನುವ ವಾದ ಅಲ್ಲಿಗೇ ಮುಗಿಯುತ್ತದೆ. ಟೆಕ್ನಿಷಿಯನ್ ಬಂದಾಗೆಲ್ಲ ಜಾಬ್ ಶೀಟ್ ಕೇಳಿ ಪಡೆಯಿರಿ. ಇಎಂಐ ಮೇಲೆ ತಗೊಂಡಿದ್ದರೆ ಸಿಟ್ಟಿನಲ್ಲಿ ಕಂತು ನಿಲ್ಲಿಸಬೇಡಿ. ಸಾಲ ಕೊಟ್ಟದ್ದು ಫೈನಾನ್ಸ್ ಕಂಪನಿ, ಕಂತು ತಪ್ಪಿದರೆ ಕೆಡುವುದು ನಿಮ್ಮ ಸಿಬಿಲ್ ಸ್ಕೋರು. ಮಾಲು ವಾಪಸ್ ಆದಾಗ ಸಾಲವನ್ನೂ ರದ್ದು ಮಾಡಿಸಿ ಅಂತ ಅದೇ ಪತ್ರದಲ್ಲಿ ಬರೆಯಿರಿ. ಆನ್‌ಲೈನಿನಲ್ಲಿ ತಗೊಂಡಿದ್ದರೂ ಹಕ್ಕು ಕಮ್ಮಿಯಾಗುವುದಿಲ್ಲ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಅಲ್ಲಿನ ದೂರು ಅಧಿಕಾರಿ 48 ಗಂಟೆಯೊಳಗೆ ದೂರು ಬಂದಿದೆ ಅಂತ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು.

ಪತ್ರಕ್ಕೂ ಸಹಾಯವಾಣಿಗೂ ಬಗ್ಗದಿದ್ದರೆ ಆಯೋಗವೇ ದಾರಿ. ಜನ ಇನ್ನೂ ಗ್ರಾಹಕರ ಕೋರ್ಟು ಅಂತಲೇ ಕರೆಯುತ್ತಾರೆ. ನೀವು ಕೊಟ್ಟ ಬೆಲೆ 50 ಲಕ್ಷದವರೆಗೆ ಇದ್ದರೆ ಜಿಲ್ಲಾ ಆಯೋಗ ಸಾಕು. 5 ಲಕ್ಷದವರೆಗೆ ಶುಲ್ಕವೇ ಇಲ್ಲ, ಅಂದರೆ ಫ್ರಿಡ್ಜು, ಟೀವಿ, ಮೊಬೈಲು ಎಲ್ಲ ಅದರೊಳಗೇ ಬಂದವು. ವಕೀಲರು ಬೇಕೇ ಬೇಕು ಅಂತ ಇಲ್ಲ, ನೀವೇ ನಿಂತು ಹೇಳಬಹುದು. ಬೆಂಗಳೂರಿನಲ್ಲಿ ತಗೊಂಡ ಮಾಲಿಗೆ ಬೆಂಗಳೂರಿಗೇ ಅಲೆಯಬೇಕಿಲ್ಲ. ನೀವು ವಾಸ ಇರುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಕೊಡಲು 2019ರ ಕಾಯ್ದೆ ದಾರಿ ಮಾಡಿದೆ. ಇ-ಜಾಗೃತಿ ಪೋರ್ಟಲಿನಲ್ಲಿ ಮನೆಯಿಂದಲೂ ಸಲ್ಲಿಸಬಹುದು. ಎರಡು ವರ್ಷದೊಳಗೆ ಕೊಡಬೇಕು. ಅಂಗಡಿ ಮತ್ತು ಕಂಪನಿ ಇಬ್ಬರನ್ನೂ ಎದುರುದಾರರಾಗಿ ಸೇರಿಸಿ. ಒಬ್ಬರನ್ನೇ ಸೇರಿಸಿದರೆ ಅವರು ಇನ್ನೊಬ್ಬರ ಕಡೆ ಬೆರಳು ತೋರಿಸಿ ಕೂರುತ್ತಾರೆ.

ಎದುರುದಾರರು ಉತ್ತರ ಕೊಡಲು 30 ದಿನ, ಕೇಳಿಕೊಂಡರೆ ಇನ್ನು 15 ದಿನ. ಮಾಲನ್ನು ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸದೆ ದೋಷ ಗೊತ್ತಾಗದಿದ್ದರೆ ಆಯೋಗವೇ ಅದನ್ನು ಸೀಲ್ ಮಾಡಿಸಿ ಕಳಿಸುತ್ತದೆ. ಪರೀಕ್ಷೆ ಬೇಡದ ಕೇಸು 3 ತಿಂಗಳಲ್ಲಿ, ಬೇಕಾದದ್ದು 5 ತಿಂಗಳಲ್ಲಿ ಮುಗಿಸಲು ಪ್ರಯತ್ನಿಸಬೇಕು ಅಂತ ಕಾಯ್ದೆ ಹೇಳುತ್ತದೆ. ನಿಜದಲ್ಲಿ ಇದಕ್ಕಿಂತ ಜಾಸ್ತಿ ಎಳೆಯುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಆದರೂ ಆದೇಶಕ್ಕೆ ಹಲ್ಲು ಇದೆ. ಮೇಲ್ಮನವಿಗೆ ಹೋಗುವ ಅಂಗಡಿ, ಆದೇಶವಾದ ಮೊತ್ತದ ಅರ್ಧ ಮೊದಲೇ ಕಟ್ಟಬೇಕು. ಆದೇಶ ಪಾಲಿಸದೇ ಕೂತರೆ ಒಂದು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಇಲ್ಲವೇ 25,000ಕ್ಕೆ ಕಮ್ಮಿಯಿಲ್ಲದೆ 1 ಲಕ್ಷದವರೆಗೆ ದಂಡ, ಅಥವಾ ಎರಡೂ.

ಇನ್ನೊಂದು ಸಂಗತಿ ಬಿಟ್ಟರೆ ತಪ್ಪಾಗುತ್ತದೆ. ನಮ್ಮೂರಲ್ಲಿ ಮನೆಯಲ್ಲೇ ದೋಸೆ ಹಿಟ್ಟು ರುಬ್ಬಿ ಮಾರುವ ಹೆಣ್ಣುಮಕ್ಕಳು ಬಹಳ. ಅಂಥವರೊಬ್ಬರು ನಮ್ಮಲ್ಲಿ ದೊಡ್ಡ ಟಿಲ್ಟಿಂಗ್ ಗ್ರೈಂಡರ್ ತಗೊಂಡರು. ಕಲ್ಲು ಅಲುಗಾಡುತ್ತಿತ್ತು, ಮೋಟಾರು ಕಾದು ನಿಲ್ಲುತ್ತಿತ್ತು. 'ಅಣ್ಣ, ಗಿರಾಕಿಗಳು ತಪ್ಪಿ ಹೋಗ್ತಾರೆ' ಅಂತ ಬಂದು ನಿಂತರು. ಡಿಸ್ಟ್ರಿಬ್ಯೂಟರ್ ಕಡೆಯವರು ಫೋನಿನಲ್ಲಿ ಹೇಳಿದ್ದು, ಅವರು ವ್ಯಾಪಾರಕ್ಕೆ ತಗೊಂಡದ್ದು, ಗ್ರಾಹಕರ ಕಾಯ್ದೆ ಅವರಿಗೆ ಬರಲ್ಲ ಅಂತ. ಕಾಯ್ದೆಯಲ್ಲಿ ಅದಕ್ಕೂ ವಿವರಣೆ ಇದೆ: ಸ್ವಂತ ದುಡಿಮೆಯಿಂದ ಹೊಟ್ಟೆಪಾಡು ನಡೆಸಲು ಮಾತ್ರ ಕೊಂಡ ವಸ್ತುವನ್ನು ವಾಣಿಜ್ಯ ಉದ್ದೇಶದ್ದು ಅನ್ನುವ ಹಾಗಿಲ್ಲ. ಹಿಟ್ಟು ಮಾರುವ ಆ ಅಕ್ಕ, ಹೊಲಿಗೆ ಮಷಿನ್ ತಗೊಳ್ಳುವ ಟೈಲರ್, ಆಟೋ ಕೊಂಡು ತಾನೇ ಓಡಿಸುವವರು, ಇವರೆಲ್ಲ ಗ್ರಾಹಕರೇ. ಆ ಸಾಲನ್ನು ಪ್ರಿಂಟ್ ತೆಗೆದು ಸಾವ್ಕಾರ್ರಿಗೆ ತೋರಿಸಿದೆ, ಡಿಸ್ಟ್ರಿಬ್ಯೂಟರಿಗೆ ವಾಟ್ಸಾಪ್ ಮಾಡಿದೆ. ಬೇರೆ ಗ್ರೈಂಡರ್ ಬರುವವರೆಗೆ ಅಂಗಡಿಯ ಡೆಮೊ ಪೀಸನ್ನು ಅವರ ಮನೆಗೆ ಕಳಿಸಿಕೊಟ್ಟೆವು.